ಸೈಕ್ಲಿಂಗ್ ಕ್ಲಬ್‌ನ ರೇಸ್ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಕಳೆದ ಭಾನುವಾರ ದೊಡ್ಡಬಳ್ಳಾಪುರದ ಕಡೆ ನಡೆದ ಟೀಮ್ ಟೈಮ್ ಟ್ರಯಲ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಸೈಕ್ಲಿಂಗ್ ಕ್ಲಬ್‌ನ ಎರಡು ತಂಡಗಳು ಭಾಗವಹಿಸಿದವು. ಹುಡುಗರು ಐದನೆಯವರಾಗಿ ಬಂದರು, ಹುಡುಗಿಯರು ಆರನೆಯವರಾಗಿ ಬಂದರು. ವಿಜಯಪುರ, ಬಾಗಲಕೋಟೆ ಕಡೆಯ ತಂಡಗಳ ಜೊತೆ ಮಕ್ಕಳು ಒಂದೇ ರಸ್ತೆಯಲ್ಲಿ ಸೈಕಲ್ ಓಡಿಸಿದ್ದಾರೆ. ನಮ್ಮ ರಾಜ್ಯದ ಸೈಕ್ಲಿಂಗ್ ಅಂದರೆ ಮೊದಲು ನೆನಪಾಗುವುದೇ ಆ ಊರುಗಳು. ಅವರ ಹಿಂದೆ ಐದನೇ ಸ್ಥಾನಕ್ಕೆ ಬರುವುದು ಸಣ್ಣ ಮಾತಲ್ಲ. ಎಂಟೂ ಮಕ್ಕಳಿಗೆ ಮತ್ತು ಬೆಳಗಿನ ಜಾವ ಎದ್ದು ಅವರನ್ನು ಬಸ್ ಹತ್ತಿಸಿದ ನಿಮಗೆ ಅಭಿನಂದನೆ.

ಆದರೆ ಈ ವಾರ ಶಾಲೆಯಲ್ಲಿ ಆ ಸ್ಥಾನದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ತರಗತಿಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಚಿಕ್ಕ ವಿಡಿಯೊ ಓಡಾಡುತ್ತಿದೆ. ನಮ್ಮ ತಂಡದ ಮೂವರು ಹುಡುಗರು ಮುಂದೆ ಹೋಗುತ್ತಿದ್ದಾರೆ, ನಾಲ್ಕನೆಯವನು ಒಬ್ಬನೇ ಹಿಂದೆ ಉಳಿಯುತ್ತಾನೆ. ಅವರು ತಿರುಗಿಯೂ ನೋಡುವುದಿಲ್ಲ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಅದನ್ನು ನೋಡಿ ಹಲವರು ನನಗೆ ಬರೆದಿದ್ದೀರಿ, ಕೆಲವರು ಆಫೀಸಿಗೆ ಬಂದಿದ್ದೀರಿ. ‘ಗೆಳೆಯನನ್ನು ಬಿಟ್ಟು ಓಡುವುದನ್ನೇ ಶಾಲೆ ಕಲಿಸುತ್ತಿದೆಯಾ?’ ಎಂದು ಕೇಳಿದ್ದೀರಿ.

ಕೇಳಿದ್ದು ಸರಿಯೇ. ಆ ವಿಡಿಯೊ ಮಾತ್ರ ನೋಡಿದರೆ ಯಾವ ತಾಯಿಗಾದರೂ ಕರುಳು ಚುರುಕ್ ಅನ್ನುತ್ತದೆ. ಆದರೆ ಶಾಲೆಯ ಉತ್ತರ ಸ್ಪಷ್ಟವಾಗಿದೆ. ಮೂವರೂ ಮಾಡಿದ್ದು ಸರಿ. ನಾಲ್ಕನೆಯವನು ಮಾಡಿದ್ದೂ ಸರಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಟೀಮ್ ಟೈಮ್ ಟ್ರಯಲ್‌ನಲ್ಲಿ ಎಲ್ಲ ತಂಡಗಳೂ ಒಟ್ಟಿಗೆ ಹೊರಡುವುದಿಲ್ಲ. ಎರಡೆರಡು ನಿಮಿಷದ ಅಂತರದಲ್ಲಿ ಒಂದೊಂದೇ ತಂಡವನ್ನು ಬಿಡುತ್ತಾರೆ. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ, ಇರುವುದು ಗಡಿಯಾರ ಮತ್ತು ಗಾಳಿ. ಭಾನುವಾರದ ರೇಸ್‌ನಲ್ಲಿ ತಂಡಕ್ಕೆ ನಾಲ್ವರು, ದೂರ 20 ಕಿಲೋಮೀಟರ್. ಮುಕ್ತಾಯದ ಗೆರೆ ದಾಟಿದ ಮೂರನೆಯವನ ಸಮಯವೇ ಇಡೀ ತಂಡದ ಸಮಯ. ಇದು ನಮ್ಮ ಶಾಲೆ ಮಾಡಿದ ನಿಯಮವಲ್ಲ, ಆಯೋಜಕರು ಸುಮ್ನೆ ಹಾಕಿದ್ದೂ ಅಲ್ಲ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆ ಸುಮಾರು 100 ಕಿಲೋಮೀಟರಿಗೆ ನಡೆಯುತ್ತಿತ್ತು. ಅಲ್ಲೂ ನಾಲ್ವರ ತಂಡ, ಅಲ್ಲೂ ಮೂರನೆಯವನ ಸಮಯ. ಅಂದರೆ ಒಬ್ಬ ಹಿಂದೆ ಉಳಿಯಬಹುದು ಎನ್ನುವುದು ಈ ಆಟದ ಲೆಕ್ಕದಲ್ಲೇ ಇದೆ.

ಈಗ ಗಾಳಿಯ ವಿಷಯ. ಸಮತಟ್ಟು ರಸ್ತೆಯಲ್ಲಿ ಜೋರಾಗಿ ಸೈಕಲ್ ತುಳಿಯುವಾಗ ಶಕ್ತಿ ಹೆಚ್ಚಾಗಿ ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಹತ್ತಿರ ಅಂಟಿಕೊಂಡು ಹೋದರೆ ಕಾಲು ಭಾಗಕ್ಕಿಂತ ಜಾಸ್ತಿ ಶಕ್ತಿ ಉಳಿಯುತ್ತದೆ. ಹಾಗಾಗಿ ಮಕ್ಕಳು ಸಾಲಾಗಿ ಹೋಗುತ್ತಾರೆ. ಮುಂದಿನವನು ಸ್ವಲ್ಪ ಹೊತ್ತು ಗಾಳಿಗೆ ಎದೆಯೊಡ್ಡಿ, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಸೇರಿಕೊಳ್ಳುತ್ತಾನೆ. ಅಷ್ಟರಲ್ಲಿ ಎರಡನೆಯವನು ಮುಂದಕ್ಕೆ ಬಂದಿರುತ್ತಾನೆ. ಇದನ್ನು ಮಕ್ಕಳು ‘ಪುಲ್ ಕೊಡುವುದು’ ಅನ್ನುತ್ತಾರೆ. ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವರು ಹೆಗಲು ಬದಲಾಯಿಸುತ್ತಾರಲ್ಲ, ಹಾಗೆ. ದೂರದವರೆಗೆ ಹೊತ್ತು ಸಾಕಾದವನು ಪಕ್ಕಕ್ಕೆ ಸರಿದರೆ ಅವನನ್ನು ಯಾರೂ ಕೈಬಿಟ್ಟರು ಅನ್ನುವುದಿಲ್ಲ. ಪಲ್ಲಕ್ಕಿ ಮಾತ್ರ ನಿಲ್ಲುವುದಿಲ್ಲ.

ಭಾನುವಾರ ಆಷಾಢದ ಗಾಳಿ ಹೇಗೆ ಬೀಸುತ್ತಿತ್ತು ಅಂತ ಬಂದಿದ್ದವರಿಗೆ ಗೊತ್ತು. ಹೊರಟ ಜಾಗದಲ್ಲಿ ಕಟ್ಟಿದ್ದ ಬ್ಯಾನರ್ ಹರಿದುಹೋಗಿತ್ತು. ಮೊದಲ ಹತ್ತು ಕಿಲೋಮೀಟರ್ ಪಶ್ಚಿಮಕ್ಕೆ, ನೇರ ಎದುರುಗಾಳಿ. ನಮ್ಮ ನಾಲ್ವರಲ್ಲಿ ಎತ್ತರದ, ಗಟ್ಟಿಮುಟ್ಟಾದ ಹುಡುಗ ಆ ಹತ್ತು ಕಿಲೋಮೀಟರಿನಲ್ಲಿ ಉಳಿದವರಿಗಿಂತ ಉದ್ದುದ್ದ ಪುಲ್ ಕೊಟ್ಟ. ಹಾಗೆ ಮಾಡಬೇಕು ಅಂತ ಹಿಂದಿನ ವಾರವೇ ನಾಲ್ವರೂ ಕೂತು ತೀರ್ಮಾನಿಸಿದ್ದರು. ಹೋಗುವಾಗ ಅವನು ಜಾಸ್ತಿ ದುಡಿಯಬೇಕು, ಯೂ ಟರ್ನ್ ಆದಮೇಲೆ ಗಾಳಿ ಬೆನ್ನಿಗೆ ಬಂದಾಗ ಉಳಿದ ಮೂವರು ವೇಗ ಏರಿಸಬೇಕು, ಅವನಿಗೆ ಆಗದಿದ್ದರೆ ‘ಹೋಗಿ’ ಅಂತ ಕೂಗಬೇಕು. ಆ ಕೂಗು ಕೇಳಿದಮೇಲೆ ಯಾರೂ ತಿರುಗಿ ನೋಡಬಾರದು. ಯಾಕೆಂದರೆ ಆ ವೇಗದಲ್ಲಿ, ಚಕ್ರಕ್ಕೆ ಚಕ್ರ ತಾಗುವಷ್ಟು ಹತ್ತಿರದಲ್ಲಿ ಹೋಗುವಾಗ ತಲೆ ತಿರುಗಿಸಿದರೆ ಸೈಕಲ್ ವಾಲುತ್ತದೆ.

ಗೆರೆಗೆ ಇನ್ನು ಸುಮಾರು ಆರು ಕಿಲೋಮೀಟರ್ ಇರುವಾಗ ಅವನು ಕೂಗಿದ. ಅವರು ಹೋದರು. ವಿಡಿಯೊದಲ್ಲಿ ಗಾಳಿಯ ಸದ್ದಿನಲ್ಲಿ ಆ ಕೂಗು ಕೇಳಿಸುವುದಿಲ್ಲ.

‘ಸ್ವಲ್ಪ ನಿಧಾನ ಮಾಡಿ ಅವನನ್ನೂ ಕರೆದುಕೊಂಡು ಬರಬಹುದಿತ್ತಲ್ವಾ?’ ಎಂದು ತುಂಬಾ ಜನ ಕೇಳಿದ್ದೀರಿ. ಬರಬಹುದಿತ್ತು. ಆದರೆ ಆಗ ಅವನು ಎದುರುಗಾಳಿಯಲ್ಲಿ ಪಟ್ಟ ಶ್ರಮಕ್ಕೆ ಏನು ಬೆಲೆ? ಮೂವರ ಕಾಲಲ್ಲಿ ಶಕ್ತಿ ಉಳಿಯಲಿ ಅಂತಲೇ ಅವನು ತನ್ನದನ್ನು ಖರ್ಚು ಮಾಡಿದ್ದು. ಅವರು ನಿಂತಿದ್ದರೆ ಅವನಿಗೇ ಬೇಜಾರಾಗುತ್ತಿತ್ತು. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಸೋಮವಾರ ಅವನನ್ನು ಕರೆದು ಮಾತಾಡಿದಾಗ ಅವನೇ ಹೇಳಿದ್ದು.

ಹುಡುಗಿಯರು ನಾಲ್ವರೂ ಒಟ್ಟಿಗೇ ಗೆರೆ ದಾಟಿದರಲ್ಲ, ಹುಡುಗರಿಗೆ ಏನಾಗಿತ್ತು ಅಂತಲೂ ಕೇಳಿದ್ದೀರಿ. ಹುಡುಗಿಯರ ತಂಡದಲ್ಲಿ ನಾಲ್ವರ ಶಕ್ತಿಯೂ ಹೆಚ್ಚು ಕಡಿಮೆ ಒಂದೇ. ಅವರಲ್ಲಿ ಒಬ್ಬಳು ಕೊನೆಯ ಐದು ಕಿಲೋಮೀಟರ್ ಪುಲ್ ಕೊಡದೆ ಸಾಲಿನ ಕೊನೆಯಲ್ಲೇ ಕೂತಳು, ಉಳಿದವರು ಅವಳ ಪಾಲನ್ನು ಹಂಚಿಕೊಂಡರು. ಅದೂ ಒಂದು ಉಪಾಯ, ಅವರ ತಂಡಕ್ಕೆ ಅದು ಸರಿಹೊಂದಿತು. ಒಂದನ್ನು ಪ್ರೀತಿ ಅಂತಲೂ ಇನ್ನೊಂದನ್ನು ಸ್ವಾರ್ಥ ಅಂತಲೂ ಕರೆಯಬೇಡಿ.

ಇನ್ನೊಂದು ವಿಷಯವಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಬರೆಯುವುದೇ ಒಳ್ಳೆಯದು. 1960ರ ರೋಮ್ ಒಲಿಂಪಿಕ್ಸ್‌ನ ಇದೇ ಸ್ಪರ್ಧೆಯಲ್ಲಿ, ವಿಪರೀತ ಬಿಸಿಲಿನ ದಿನ, ಡೆನ್ಮಾರ್ಕ್ ತಂಡದ ಒಬ್ಬ ಸವಾರ ಬೇಗನೆ ಸ್ಪರ್ಧೆ ಬಿಟ್ಟ. ಉಳಿದವರು ಮೂವರೇ. ಮೂವರೂ ಗೆರೆ ದಾಟಿದರೆ ಮಾತ್ರ ತಂಡಕ್ಕೆ ಸಮಯ ಸಿಗುತ್ತಿತ್ತು. ಅವರಲ್ಲಿ ಕ್ನೂಡ್ ಎನೆಮಾರ್ಕ್ ಜೆನ್ಸನ್ ಎಂಬ 23 ವರ್ಷದ ಹುಡುಗನಿಗೆ ತಲೆ ಸುತ್ತು ಬಂತು. ಜೊತೆಗಾರರು ಅವನನ್ನು ಹಿಡಿದುಕೊಂಡು, ನೀರು ಚಿಮುಕಿಸಿ ಮುಂದೆ ಕರೆದೊಯ್ದರು. ಪ್ರೀತಿಯಿಂದಲೇ ಹಾಗೆ ಮಾಡಿದರು. ಅವರು ಹಿಡಿದ ಕೈ ಬಿಟ್ಟ ಕ್ಷಣ ಅವನು ರಸ್ತೆಗೆ ಬಿದ್ದ, ತಲೆಗೆ ಪೆಟ್ಟಾಯಿತು, ಅದೇ ದಿನ ತೀರಿಕೊಂಡ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಮ್ಮ ಮಕ್ಕಳ ದೂರ 20 ಕಿಲೋಮೀಟರ್, ಬೆಂಗಳೂರಿನ ಆಷಾಢದ ಬೆಳಗ್ಗೆ ತಂಪಾಗಿರುತ್ತದೆ, ಎಲ್ಲರ ತಲೆ ಮೇಲೂ ಹೆಲ್ಮೆಟ್ ಇರುತ್ತದೆ. ಆದರೂ ದಣಿದ ಮಗುವನ್ನು ಸಾಲಿನಲ್ಲಿ ಎಳೆದುಕೊಂಡು ಹೋಗುವುದಕ್ಕಿಂತ ಅವನನ್ನು ಅವನ ವೇಗಕ್ಕೆ ಬಿಡುವುದು ಕ್ಷೇಮ. ದಣಿದವನ ಮುಂದಿನ ಚಕ್ರ ಇನ್ನೊಬ್ಬನ ಹಿಂದಿನ ಚಕ್ರಕ್ಕೆ ತಗುಲಿದರೆ ಬೀಳುವುದು ಅವನೊಬ್ಬನೇ ಆಗಿರುವುದಿಲ್ಲ.

ಅವನನ್ನು ‘ಒಬ್ಬನೇ ಬಿಟ್ಟರು’ ಅನ್ನುವುದೂ ಪೂರ್ತಿ ಸರಿಯಲ್ಲ. ಆಯೋಜಕರ ಗಾಡಿ ಪ್ರತಿ ತಂಡದ ಕೊನೆಯ ಸವಾರನ ಹಿಂದೆ ಬರುತ್ತಿತ್ತು. ನಮ್ಮ ಪಿ.ಟಿ. ಮಾಸ್ಟರು ಆ ಗಾಡಿಯಲ್ಲೇ ಇದ್ದರು, ನೀರು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಯಲ್ಲಿತ್ತು. ಗಾಡಿ ಹತ್ತುತ್ತೀಯಾ ಅಂತ ಅವರು ಕೇಳಿದರು, ಅವನು ಬೇಡ ಅಂದ. ಮೂವರಿಗಿಂತ ಮೂರೂವರೆ ನಿಮಿಷ ತಡವಾಗಿ ಗೆರೆ ದಾಟಿದ. ಆಗ ಅವನ ಸೈಕಲ್ ಹಿಡಿದುಕೊಂಡವರು, ಜಾಕೆಟ್ ಹೊದಿಸಿದವರು ಅದೇ ಮೂವರು. ಇದು ಯಾರ ಫೋನಿನಲ್ಲೂ ಇಲ್ಲ.

ಅವನು ಹಿಂದೆ ಉಳಿದಮೇಲೆ ಒಬ್ಬ ಪೋಷಕರು ಸ್ಕೂಟರಿನಲ್ಲಿ ಅವನ ಪಕ್ಕಕ್ಕೆ ಬಂದು, ಆಮೇಲೆ ಗಾಳಿ ತಡೆಯಲೆಂದು ಅವನ ಮುಂದೆ ಹೋದರು. ಯಾರು ಅಂತ ಇಲ್ಲಿ ಬರೆಯುವುದಿಲ್ಲ, ಅವರ ಮನಸ್ಸು ಒಳ್ಳೆಯದೇ. ಆದರೆ ತೀರ್ಪುಗಾರರು ನಮ್ಮ ತಂಡಕ್ಕೆ ಎಚ್ಚರಿಕೆ ಕೊಟ್ಟರು. ಮೂವರಲ್ಲಿ ಒಬ್ಬನ ಮುಂದೆ ಹಾಗೆ ಮಾಡಿದ್ದರೆ ತಂಡವನ್ನೇ ಹೊರಗಿಡುತ್ತಿದ್ದರು. ಅದಕ್ಕಾಗಿ ಈ ಸಲದಿಂದ ಒಂದು ನಿಯಮ: ರೇಸ್ ನಡೆಯುವ ರಸ್ತೆಗೆ ಪೋಷಕರ ಸ್ಕೂಟರ್, ಬೈಕ್, ಕಾರು ಯಾವುದೂ ಇಳಿಯಬಾರದು.

ನನಗೆ ನಿಜವಾಗಿ ನೋವಾಗಿರುವುದು ಬೇರೆ ವಿಷಯಕ್ಕೆ. ಮಂಗಳವಾರ ಆ ಮೂವರಲ್ಲಿ ಒಬ್ಬ ಹುಡುಗ ತರಗತಿಯಲ್ಲಿ ಅತ್ತ. ಬಸ್ ಸ್ಟಾಪಿನಲ್ಲಿ ದೊಡ್ಡವರೊಬ್ಬರು ‘ನೀನೇ ಅಲ್ವಾ ಬಿಟ್ಟು ಬಂದಿದ್ದು?’ ಅಂದರಂತೆ. ಅವನಿಗೆ ಹದಿನಾಲ್ಕು ವರ್ಷ. ಕೊಟ್ಟ ಮಾತಿನಂತೆ ನಡೆದುಕೊಂಡವನು ಅವನು. ಗೆಳೆಯ ಕೂಗಿದಾಗ ಹಿಂದೆ ನೋಡದೆ ಹೋಗುವುದು ಆ ವಯಸ್ಸಿಗೆ ಸುಲಭವಲ್ಲ. ಅವನು ಹೋಗಿದ್ದು ಗೆಳೆಯನ ಮೇಲಿನ ನಂಬಿಕೆಯಿಂದ. ದಯವಿಟ್ಟು ಆ ಮೂವರನ್ನು ಯಾರೂ ಈ ಬಗ್ಗೆ ಕೇಳಬೇಡಿ, ಕ್ಷಮೆ ಕೇಳಿಸಬೇಡಿ. ಹಿಂದೆ ಉಳಿದವನಿಗೆ ‘ಪಾಪ’ ಅನ್ನಬೇಡಿ. ಅವನನ್ನು ಹಾಗೆ ಕರೆದಾಗಲೆಲ್ಲ ಅವನು ಮಾಡಿದ ಕೆಲಸ ಕಾಣದ ಹಾಗಾಗುತ್ತದೆ.

ಕ್ಲಬ್ ನಿಲ್ಲಿಸಿ ಅಂತ ಇಬ್ಬರು ಬರೆದಿದ್ದೀರಿ. ಕ್ಲಬ್ ನಿಲ್ಲುವುದಿಲ್ಲ. ಮುಂದಿನ ರೇಸ್‌ನಲ್ಲೂ ಮೂರನೆಯವನ ಸಮಯವೇ ಲೆಕ್ಕಕ್ಕೆ ಬರುತ್ತದೆ, ಆಗಲೂ ಯಾರಾದರೂ ಹಿಂದೆ ಉಳಿಯಬಹುದು. ಅದು ನಿಮ್ಮ ಮಗನೋ ಮಗಳೋ ಆಗಿರಬಹುದು. ಅದು ನಿಮಗೆ ಒಪ್ಪಿಗೆಯಾಗದಿದ್ದರೆ ಹೇಳಿ, ಮಗುವನ್ನು ತಂಡದ ರೇಸ್‌ಗೆ ಹಾಕುವುದಿಲ್ಲ. ಶನಿವಾರದ ರೈಡ್‌ಗೆ ಎಂದಿನಂತೆ ಬರಲಿ, ಅದರಿಂದ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಮಗುವಿನ ಜೊತೆ ಒಂದು ಸಲ ಕೂತು ಮಾತಾಡಿ, ಆಮೇಲೆ ತೀರ್ಮಾನ ಮಾಡಿ.

ಈ ಪತ್ರದ ಜೊತೆಗಿರುವ ಚೀಟಿಯಲ್ಲಿ ನಿಮ್ಮ ತೀರ್ಮಾನ ತಿಳಿಸಿ, ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿಕೊಡಿ.

ಇನ್ನೂ ಅನುಮಾನ ಇರುವವರು ಈ ಶನಿವಾರ ಬೆಳಗ್ಗೆ ಏಳು ಗಂಟೆಗೆ ಶಾಲೆಯ ಮೈದಾನಕ್ಕೆ ಬನ್ನಿ. ಸಾಲಿನಲ್ಲಿ ಹೇಗೆ ಹೋಗುತ್ತಾರೆ, ಪುಲ್ ಹೇಗೆ ಕೊಡುತ್ತಾರೆ ಅಂತ ಮಕ್ಕಳೇ ತೋರಿಸುತ್ತಾರೆ. ನಾಲ್ವರೂ ಹುಡುಗರು ಇರುತ್ತಾರೆ. ಹಿಂದೆ ಉಳಿದವನೇ ವಿವರಿಸಲು ಒಪ್ಪಿಕೊಂಡಿದ್ದಾನೆ. ನಾನೂ ಇರುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ