ತಲೆಗೆ ಪೆಟ್ಟು ಬಿದ್ದ ತಮ್ಮನ ಹೃದಯವನ್ನೂ ನೋಡಿದವರಿಗೆ

ನನ್ನ ತಮ್ಮ ಮನೆಗೆ ಬಂದಿದ್ದಾನೆ. ಗೋಡೆ ಹಿಡಿದುಕೊಂಡು ನಡೆಯುತ್ತಾನೆ. ಮಾತು ಸ್ವಲ್ಪ ನಿಧಾನ, ಆದರೆ ಊಟ ತಾನೇ ಕಲಸಿಕೊಂಡು ಮಾಡುತ್ತಾನೆ. ಇಷ್ಟು ದಿನ ವಿಚಾರಿಸುತ್ತಿದ್ದ ನಿಮಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋದು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಪಟೂರಿನ ಹತ್ತಿರ ಲಾರಿ ನಿಲ್ಲಿಸಿ ಇಳಿದ ಅಣ್ಣನಿಗೆ. ನಿಮ್ಮ ಹೆಸರೂ ನಮಗೆ ಗೊತ್ತಿಲ್ಲ. ಬೈಕಿನಿಂದ ಬಿದ್ದವನನ್ನು ನೋಡಿ ಮುಂದೆ ಹೋಗಿಬಿಡಬಹುದಿತ್ತು. ನೀವು 108ಕ್ಕೆ ಫೋನ್ ಮಾಡಿದಿರಿ, ಆಂಬುಲೆನ್ಸ್ ಬರುವವರೆಗೂ ಅವನ ಕತ್ತು ಅಲುಗಾಡದ ಹಾಗೆ ಹಿಡಿದುಕೊಂಡು ಕೂತಿದ್ದಿರಂತೆ. ದಾರಿಯಲ್ಲಿ ಉಸಿರಿನ ಕೊಳವೆ ಹಾಕಿ ಬೆಂಗಳೂರಿಗೆ ಕಳಿಸಿದ ಡಾಕ್ಟರಿಗೆ, ಆ ರಾತ್ರಿಯೇ ಮೆದುಳಿನ ಮೇಲೆ ಹೆಪ್ಪುಗಟ್ಟಿದ್ದ ರಕ್ತ ತೆಗೆದ ನ್ಯೂರೋಸರ್ಜರಿ ತಂಡಕ್ಕೆ, ರಕ್ತ ಕೊಡಲು ಓಡಿ ಬಂದ ತಮ್ಮನ ಗೆಳೆಯರಿಗೆ ಕೈ ಮುಗಿಯುತ್ತೇನೆ.

ಇನ್ನೊಬ್ಬರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು.

ಆಪರೇಷನ್ ಚೆನ್ನಾಗಿ ಆಯಿತು ಅಂತ ನಾವು ಉಸಿರು ಬಿಡುವಷ್ಟರಲ್ಲಿ ತಮ್ಮನ ಬಿಪಿ ಇಳಿಯತೊಡಗಿತು. ಇಸಿಜಿ ಬದಲಾಯಿತು, ಆಕ್ಸಿಜನ್ ಕಡಿಮೆಯಾಯಿತು. ಅವನಿಗೆ ಮೂವತ್ತರ ಆಸುಪಾಸು. ಕಬಡ್ಡಿ ಆಡುವ ಹುಡುಗ, ಹೃದಯದ ತೊಂದರೆ ಅನ್ನೋದೇ ಇರಲಿಲ್ಲ. ಎಲ್ಲೋ ಒಳಗೆ ರಕ್ತ ಸೋರುತ್ತಿರಬೇಕು ಅಂತ ನಾವೂ ಅಂದುಕೊಂಡೆವು. ಐಸಿಯು ಡ್ಯೂಟಿಯಲ್ಲಿದ್ದ ಅರಿವಳಿಕೆ ಡಾಕ್ಟರ್ ಮೇಡಂ ಊಹೆ ಮಾಡುತ್ತಾ ಕೂರಲಿಲ್ಲ. ಅಲ್ಟ್ರಾಸೌಂಡ್ ಮೆಷಿನ್ನನ್ನು ತಾವೇ ತಳ್ಳಿಕೊಂಡು ಹಾಸಿಗೆ ಪಕ್ಕಕ್ಕೆ ತಂದರು. ಮೊದಲು ಹೊಟ್ಟೆ ನೋಡಿದರು, ಅಲ್ಲಿ ರಕ್ತ ಇರಲಿಲ್ಲ. ಆಮೇಲೆ ಹೃದಯ.

ನಾನು ಗಾಜಿನ ಆಚೆ ನಿಂತು ನೋಡುತ್ತಿದ್ದೆ. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡುವಾಗ ಸಾಮಾನ್ಯವಾಗಿ ಎಡಮಗ್ಗುಲಿಗೆ ಮಲಗಿಸುತ್ತಾರೆ, ಅಲ್ವಾ? ಇವನನ್ನು ಹೊರಳಿಸುವ ಹಾಗಿರಲಿಲ್ಲ. ಮೆದುಳು ಊದಿದೆ, ತಲೆಯನ್ನು ಸ್ವಲ್ಪ ಎತ್ತರಿಸಿ ನೇರವಾಗಿಯೇ ಇಡಬೇಕು. ವೆಂಟಿಲೇಟರ್ ಗಾಳಿ ತುಂಬಿದಾಗಲೆಲ್ಲ ಶ್ವಾಸಕೋಶ ಅಡ್ಡ ಬಂದು ಚಿತ್ರ ಮಾಯ. ಅವರು ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಇಟ್ಟು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವಿನ ಆ ಚೂರು ಹೊತ್ತಿಗೆ ಕಾದು ಕಾದು ಚಿತ್ರ ಹಿಡಿದರು. ಲೈಟ್ ಆರಿಸಿ ಜೆಲ್ ಹಿಡಿದು ನಿಂತಿದ್ದ ಸಿಸ್ಟರ್ ಕೂಡ ಕದಲಲಿಲ್ಲ.

ಆಮೇಲೆ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಹೃದಯದ ತುದಿ ಚೆನ್ನಾಗಿ ಕುಗ್ಗುತ್ತಿತ್ತು. ಮೇಲಿನ ಭಾಗದ ಗೋಡೆ ಮಾತ್ರ ಅಲ್ಲಾಡಿದರೂ ಅಲ್ಲಾಡದ ಹಾಗೆ ಇತ್ತು. "ಪಂಪಿಂಗ್ 30 ಪರ್ಸೆಂಟ್ ಇದೆ. 55ರ ಮೇಲಿರಬೇಕಿತ್ತು," ಅಂದರು. ನನಗೆ ಕಾಲಲ್ಲಿ ಬಲವೇ ಇಲ್ಲದ ಹಾಗಾಯಿತು. ಅವರು ಕುರ್ಚಿ ಎಳೆದು ಕೂರಿಸಿ ಬಿಡಿಸಿ ಹೇಳಿದರು. ಮೆದುಳಿಗೆ ಜೋರು ಪೆಟ್ಟು ಬಿದ್ದಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಅನ್ನೋ ಹಾರ್ಮೋನುಗಳು ಒಮ್ಮೆಲೇ ಮೈಯಲ್ಲಿ ಉಕ್ಕುತ್ತವೆ. ಆ ಹೊಡೆತಕ್ಕೆ ಹೃದಯದ ಸ್ನಾಯು ಮಂಕಾಗಿಬಿಡುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಹಾರ್ಟ್ ಅಟ್ಯಾಕ್ ಅಲ್ಲ ಇದು. ಮೆದುಳು ಸುಧಾರಿಸಿದರೆ ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲೋ ವಾರಗಳಲ್ಲೋ ಮತ್ತೆ ಮೊದಲಿನಂತೆ ಆಗುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು ಆಮೇಲೆ ಬಂತು. ಊದಿದ ಮೆದುಳಿನ ಒಳಗೇ ಒತ್ತಡ ಏರಿರುತ್ತದೆ. ಆ ಒತ್ತಡವನ್ನು ಮೀರಿ ರಕ್ತ ಒಳಗೆ ಹೋಗಬೇಕು. ಸರಾಸರಿ ಬಿಪಿಯಲ್ಲಿ ತಲೆಯೊಳಗಿನ ಒತ್ತಡ ಕಳೆದರೆ 60ರಿಂದ 70 ಉಳಿಯಬೇಕಂತೆ. ಮೇಲಿನ ಟ್ಯಾಂಕಿಗೆ ನೀರು ಏರಬೇಕು ಅಂದರೆ ಕೆಳಗಿನ ಪಂಪು ಗಟ್ಟಿ ಇರಬೇಕಲ್ಲ, ಹಾಗೆ. ಬಿಪಿ ಇಳಿಯಿತು ಅಂತ ಬರೀ ಡ್ರಿಪ್ ಏರಿಸುತ್ತಾ ಹೋಗಿದ್ದರೆ ಆ ದುರ್ಬಲ ಹೃದಯ ತಡೆಯುತ್ತಿರಲಿಲ್ಲ. ನೀರು ಶ್ವಾಸಕೋಶ ತುಂಬಿ ಆಕ್ಸಿಜನ್ ಇನ್ನೂ ಇಳಿದು, ಗಾಯಗೊಂಡ ಮೆದುಳಿಗೇ ಮತ್ತೊಂದು ಪೆಟ್ಟು ಬೀಳುತ್ತಿತ್ತು. ಅವರು ಡ್ರಿಪ್ ಕಡಿಮೆ ಮಾಡಿದರು, ಹೃದಯಕ್ಕೆ ಬಲ ಕೊಡುವ ಔಷಧ ಸೇರಿಸಿದರು. ಬೆಳಗಾಗುವಷ್ಟರಲ್ಲಿ ಬಿಪಿ ಒಂದು ಮಟ್ಟಕ್ಕೆ ಬಂದು ನಿಂತಿತು.

ಆಮೇಲೂ ಬಿಡಲಿಲ್ಲ ಅವರು. ಮತ್ತೆ ಮತ್ತೆ ಎಕೋ ಮಾಡಿ ನೋಡಿ ಔಷಧ ಹೆಚ್ಚುಕಡಿಮೆ ಮಾಡಿದರು. ಇದಕ್ಕೆ ರೋಗಿಯನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ಎಕ್ಸ್‌ರೇ ತರಹ ವಿಕಿರಣದ ಭಯವೂ ಇಲ್ಲ. ಪಂಪಿಂಗ್ ಮೊದಮೊದಲು 30, ಆಮೇಲೆ 40, ವಾರ್ಡಿಗೆ ಬರುವ ಹೊತ್ತಿಗೆ 55. ಆ ದಿನ ಅಮ್ಮ ಮೇಡಂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಈ ಎಕೋ ಹುಟ್ಟಿದ್ದು ಹೇಗೆ ಅಂತ ಐಸಿಯು ಹೊರಗೆ ಕಾಯುವಾಗ ಓದಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ಡಾಕ್ಟರ್, ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಸೇರಿ ಬಡಿಯುವ ಹೃದಯವನ್ನು ಶಬ್ದದ ಅಲೆಗಳಿಂದ ಮೊದಲ ಬಾರಿಗೆ ದಾಖಲಿಸಿದರು. ಬಳಸಿದ್ದು ಲೋಹದಲ್ಲಿ ಬಿರುಕು ಹುಡುಕುವ ಸಲಕರಣೆ. ಅವರಿಬ್ಬರಿಗೂ ನಮ್ಮ ಮನೆಯ ನಮಸ್ಕಾರ ಸಲ್ಲಬೇಕು.

ನಿಮ್ಮ ಮನೆಯವರು ಯಾರಾದರೂ ತಲೆಗೆ ಪೆಟ್ಟಾಗಿ ಐಸಿಯುನಲ್ಲಿದ್ದು, ಬಿಪಿ ನಿಲ್ಲುತ್ತಿಲ್ಲ ಅಂತ ಡಾಕ್ಟರ್ ಹೇಳಿದರೆ, "ಎಕೋ ನೋಡಿದ್ದೀರಾ?" ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ. ಪ್ರತಿ ನ್ಯೂರೋ ಐಸಿಯುನಲ್ಲೂ, ಜಿಲ್ಲಾ ಆಸ್ಪತ್ರೆಯಲ್ಲೂ ರಾತ್ರಿ ಹೊತ್ತು ಹೀಗೆ ನೋಡಬಲ್ಲವರು ಇರಬೇಕು ಅನ್ನೋದು ನನ್ನ ಆಸೆ.

ಊದಿದ ಮೆದುಳಿಗೆ ಜಾಗ ಸಿಗಲಿ ಅಂತ ಆಪರೇಷನ್ನಿನಲ್ಲಿ ತೆಗೆದ ತಮ್ಮನ ತಲೆಬುರುಡೆಯ ತುಂಡನ್ನು ಸದ್ಯಕ್ಕೆ ಹೊಟ್ಟೆಯ ಚರ್ಮದ ಅಡಿ ಇಟ್ಟಿದ್ದಾರೆ. ಅದನ್ನು ಮತ್ತೆ ಕೂರಿಸುವ ಆಪರೇಷನ್ ಬಾಕಿ ಇದೆ, ಅದಕ್ಕೂ ಮುಂಚೆ ಇನ್ನೊಂದು ಎಕೋ. ಆವತ್ತು ಐಸಿಯು ಹತ್ತಿರ ಬಂದು ಮೇಡಂನ, ಸಿಸ್ಟರ್‌ಗಳನ್ನ, ಫಿಸಿಯೋ ಅಣ್ಣನನ್ನ ಎಲ್ಲರನ್ನೂ ಕಾಣುತ್ತೇವೆ. ತಮ್ಮನಿಗೆ ನಿಮ್ಮ ಯಾರ ಮುಖವೂ ನೆನಪಿಲ್ಲ. ನಾನು ಪರಿಚಯ ಮಾಡಿಸುತ್ತೇನೆ.