ಬೆನ್ ಹಾರ್ಡಿ ಹೆಸರು ನಿನಗೆ ಗೊತ್ತಿರಬೇಕು, ಪುಟ್ಟಿ

ಪ್ರೀತಿಯ ಅನು,

ಬೈಕ್ ಡಿಸೈನ್ ಮಾಡುವ ಕೆಲಸ ಸಿಕ್ಕಿತು ಅಂತ ಅಮ್ಮ ಊರಿಗೆಲ್ಲ ಹೇಳಿಯಾಯಿತು. ನನಗೆ ಫೋನಿನಲ್ಲಿ ಜಾಸ್ತಿ ಮಾತು ಬರುವುದಿಲ್ಲ, ಅದಕ್ಕೇ ಈ ಪತ್ರ. ನಿನಗೆ ತುಂಬಾ ಇಷ್ಟದ ಆ ಬೈಕ್ ಇದೆಯಲ್ಲ, ಮುಂದಿನ ಚಕ್ರ ಹಿಡಿದಿರುವ ಉದ್ದನೆ ಫೋರ್ಕು, ಅಮೆರಿಕದ ಬಾವುಟದ ಬಣ್ಣದ ಟ್ಯಾಂಕು, ಅದನ್ನು ಕಟ್ಟಿದವರ ಬಗ್ಗೆ ಹೇಳಬೇಕು.

1969ರ 'ಈಸಿ ರೈಡರ್' ಸಿನಿಮಾದಲ್ಲಿ ಪೀಟರ್ ಫೋಂಡಾ ಓಡಿಸಿದ 'ಕ್ಯಾಪ್ಟನ್ ಅಮೆರಿಕ' ಅದು. ಚಾಪರ್, ಅಂದರೆ ಹೀಗೆ ಕತ್ತರಿಸಿ ಬೇರೆ ಆಕಾರಕ್ಕೆ ತಂದ ಬೈಕ್, ಅಂದಾಗ ಇವತ್ತಿಗೂ ಎಷ್ಟೋ ಜನರಿಗೆ ಅದೇ ಕಣ್ಣ ಮುಂದೆ ಬರುತ್ತದೆ. ಕಟ್ಟಿದವರು ಬೆನ್ ಹಾರ್ಡಿ. ಲಾಸ್ ಏಂಜಲೀಸ್‌ನ ದಕ್ಷಿಣ ಭಾಗದಲ್ಲಿ, ಕಪ್ಪು ಜನರೇ ಹೆಚ್ಚಾಗಿದ್ದ ಕಡೆ ಅವರ ಗ್ಯಾರೇಜ್ ಇತ್ತು. ಅಲ್ಲಿನ ಸವಾರರಿಗೆ ಅವರು 'ಕಿಂಗ್ ಆಫ್ ಬೈಕ್ಸ್'. ಬೈಕ್ ಹೇಗಿರಬೇಕು ಅಂತ ಯೋಚಿಸಿ ಕೆಲಸ ಮಾಡಿಸಿದವರು ಅವರ ಗೆಳೆಯ ಕ್ಲಿಫ್ ವಾಸ್. ಅವರೂ ಕಪ್ಪು ಜನಾಂಗದವರೇ. ಕಪ್ಪು ಜನರ ಹಕ್ಕುಗಳ ಹೋರಾಟದಲ್ಲಿದ್ದು ಪೆಟ್ಟು ತಿಂದವರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಆ ಕಾಲದಲ್ಲಿ, ತಮ್ಮ ಚಾಪರ್ ಓಡಿಸಿಕೊಂಡು ತಿರುಗಿದ್ದರು. ಎಂಥ ಧೈರ್ಯ ಬೇಕು ಅದಕ್ಕೆ!

ಪೊಲೀಸರು ಬಳಸಿ ಹರಾಜಿಗೆ ಹಾಕಿದ್ದ ಹಳೇ ಹಾರ್ಲೆ ಡೇವಿಡ್‌ಸನ್ ಬೈಕುಗಳನ್ನು ತಂದರು. 1200 ಸಿಸಿಯ ಭಾರೀ ಗಾಡಿಗಳು. ಹಾರ್ಡಿ ಬೇಡದ್ದನ್ನೆಲ್ಲ ಬಿಚ್ಚಿ ಎಸೆದರು. ಮುಂದಿನ ಬ್ರೇಕ್ ಕೂಡ ಇಲ್ಲ. ಆಮೇಲೆ ನಿಜವಾದ ಕೆಲಸ. ಹ್ಯಾಂಡಲ್ ಕೂರುವ ಕೊರಳಿನ ಓರೆ ಬದಲಾಯಿಸಬೇಕು ಅಂದರೆ ಫ್ರೇಮ್ ಕತ್ತರಿಸಿ ಮತ್ತೆ ವೆಲ್ಡ್ ಮಾಡಬೇಕು. ಆ ಒಂದು ಜಾಗದ ಮೇಲೇ ಮುಂದಿನ ಚಕ್ರದ ಹೊಡೆತವೆಲ್ಲ ಬೀಳುತ್ತದೆ. ವೆಲ್ಡಿಂಗ್ ಸ್ವಲ್ಪ ಕೆಟ್ಟರೆ ಸವಾರನ ಜೀವಕ್ಕೇ ಅಪಾಯ. ಒಂದು ಕೂದಲೆಳೆಯಷ್ಟು ಸೊಟ್ಟಗಾದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಓರೆ ಹೆಚ್ಚಿದಷ್ಟೂ ಫೋರ್ಕ್ ಉದ್ದ ಬೇಕು. ಆಗ ಹೆದ್ದಾರಿಯಲ್ಲಿ ನೇರವಾಗಿ ಹೋಗುವಾಗ ಬಲು ಗಟ್ಟಿ, ನಿಧಾನಕ್ಕೆ ತಿರುಗಿಸುವಾಗ ಹ್ಯಾಂಡಲ್ ಭಾರ. ಫೋಟೊದಲ್ಲಿ ನಮಗೆ ಕ್ರೋಮಿನ ಹೊಳಪು ಮಾತ್ರ ಕಾಣುತ್ತದೆ. ನೀನು ಇನ್ನು ಮೇಲೆ ಆ ಕೊರಳನ್ನು ನೋಡು.

ಸಿನಿಮಾಕ್ಕೆ ಒಟ್ಟು ನಾಲ್ಕು ಬೈಕ್ ಮಾಡಿದರು. ಫೋಂಡಾಗೆ ಎರಡು, ಜೊತೆಗೆ ನಟಿಸಿದ ಡೆನ್ನಿಸ್ ಹಾಪರ್‌ಗೆ ಎರಡು. ಸಿನಿಮಾ ಬಿಡುಗಡೆಯಾಗುವ ಮೊದಲೇ ಮೂರು ಕಳುವಾದವು. ಇನ್ನೊಂದು ಕೊನೆಯ ದೃಶ್ಯದಲ್ಲಿ ಸುಟ್ಟು ಹಾಳಾಯಿತು.

ಟೈಟಲ್ ಕಾರ್ಡ್‌ನಲ್ಲಿ ಹಾರ್ಡಿ ಹೆಸರಿಲ್ಲ, ವಾಸ್ ಹೆಸರೂ ಇಲ್ಲ. ವಾಸ್ ಅವರನ್ನು ಚಿತ್ರೀಕರಣದ ಶುರುವಿನಲ್ಲೇ ಕೈಬಿಟ್ಟಿದ್ದರು. ಸ್ವಾತಂತ್ರ್ಯ ಹುಡುಕಿ ಹೊರಟವರ ಕಥೆ ಅದು, ಆದರೆ ಅದರಲ್ಲಿ ಕಪ್ಪು ಸವಾರ ಒಬ್ಬನೂ ಇಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಹಾರ್ಡಿ 1994ರಲ್ಲಿ ತೀರಿಕೊಂಡರು. ಅವರ ಹೆಸರು ದೊಡ್ಡದಾಗಿ ಕೇಳಿಬಂದದ್ದು ಅದಾದ ಮೇಲೆ. ವಾಸ್ 2016ರವರೆಗೂ ಬದುಕಿದ್ದರು, ಹಾಗಾಗಿ ತಮ್ಮ ಬಾಯಿಂದಲೇ ಕಥೆ ಹೇಳಲು ಅವರಿಗೆ ಸಾಧ್ಯವಾಯಿತು.

2014ರಲ್ಲಿ 'ಕ್ಯಾಪ್ಟನ್ ಅಮೆರಿಕ' ಎಂದು ಹೇಳಲಾದ ಒಂದು ಬೈಕ್ 13.5 ಲಕ್ಷ ಡಾಲರಿಗೆ ಹರಾಜಾಯಿತು. ಸುಟ್ಟ ಗಾಡಿಯನ್ನೇ ಮತ್ತೆ ಕಟ್ಟಿದ್ದು ಅಂದರು. ಅದೇ ಅಸಲಿ ಎನ್ನುವ ಇನ್ನೊಂದು ಬೈಕೂ ಇತ್ತು, ಎರಡಕ್ಕೂ 'ಇದೇ ಅಸಲಿ' ಅಂತ ಒಬ್ಬರೇ ಸಹಿ ಹಾಕಿಕೊಟ್ಟಿದ್ದರು! ಯಾವುದು ಅಸಲಿ ಅಂತ ಜಗಳವೋ ಜಗಳ. ಅಷ್ಟು ದುಡ್ಡು, ಅಷ್ಟು ಮಾತು, ಎಲ್ಲವೂ ಹಾರ್ಡಿ ಕೈ ಕೊಟ್ಟ ಆಕಾರಕ್ಕೇ ಅಲ್ವಾ?

ನಿನ್ನಿಂದ ನನಗೆ ಒಂದು ಆಗಬೇಕು. ನೀನು ಕಂಪ್ಯೂಟರಿನಲ್ಲಿ ಬರೆದ ಗೆರೆಯನ್ನು ನಾಳೆ ಯಾರೋ ಪೈಪ್ ಬಗ್ಗಿಸಿ, ವೆಲ್ಡ್ ಮಾಡಿ, ಉಜ್ಜಿ ಮೊದಲ ಗಾಡಿಯಾಗಿ ನಿಲ್ಲಿಸುತ್ತಾರೆ. ಅವರ ಬಳಿ ಹೋಗಿ ನಿಂತು ಕೆಲಸ ನೋಡು. ಹೆಸರು ಕೇಳು, ಊರು ಕೇಳು. ಮೇಲಿನವರ ಮುಂದೆ ಆ ಗಾಡಿ ತೋರಿಸುವ ದಿನ ಅವರ ಹೆಸರನ್ನೂ ಜೋರಾಗಿ ಹೇಳು. ಆಮೇಲೆ ನನಗೂ ಬರೆದು ಕಳಿಸು, ಅವರು ಯಾರು, ಎಲ್ಲಿ ಕೆಲಸ ಕಲಿತರು ಅಂತ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಪ್ಪ