ಕೆಲಸ ಕೆಟ್ಟಾಗಲೂ ‘200 ಓಕೆ’ ಏಕೆ?

ಮಾನ್ಯ ಸಂಪಾದಕರೇ,

ಬಿಲ್ ಕಟ್ಟುವ, ಅರ್ಜಿ ಹಾಕುವ ಆ್ಯಪ್‌ಗಳಲ್ಲಿ ‘ಏನೋ ತೊಂದರೆಯಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬಂದರೆ ಜನ ಸರ್ವರ್ ಡೌನ್ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಅದು ಆ್ಯಪ್‌ಗೆ ಉತ್ತರ ಕೊಡುವ ರೀತಿ ಕೆಟ್ಟಿರುತ್ತದೆ.

ವೆಬ್ ಸೇವೆಯ ಪ್ರತಿ ಉತ್ತರದ ಮೊದಲಿಗೇ ಮೂರಂಕಿಯ ಎಚ್‌ಟಿಟಿಪಿ ಸ್ಟೇಟಸ್ ಕೋಡ್ ಇರುತ್ತದೆ. 2ರಿಂದ ಶುರುವಾದರೆ ಕೆಲಸ ಆಯಿತು, 4 ಆದರೆ ಕೇಳಿದ್ದರಲ್ಲಿ ತಪ್ಪಿದೆ, 5 ಆದರೆ ಸರ್ವರ್ ಕಡೆಯ ತಪ್ಪು. ಆದರೂ ಅನೇಕ ಸೇವೆಗಳು ಎಲ್ಲಕ್ಕೂ 200 ಕಳಿಸಿ, ಒಳಗಿನ ಜೇಸನ್‌ನಲ್ಲಿ (ಮಾಹಿತಿಯನ್ನು ಪಠ್ಯವಾಗಿ ಜೋಡಿಸಿ ಕಳಿಸುವ ಒಂದು ವಿಧಾನ) ಮಾತ್ರ ‘ಫೇಲ್’ ಎಂದು ಬರೆಯುತ್ತವೆ. ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಉತ್ತರಗಳ ಪ್ರತಿ ಇಟ್ಟುಕೊಂಡು ಬೇಗ ಕೊಡುವ ಕ್ಯಾಶ್, ಸೇವೆಯ ಮೇಲೆ ಕಣ್ಣಿಡುವ ಮಾನಿಟರಿಂಗ್ ಸಾಮಾನ್ಯವಾಗಿ ಆ ಜೇಸನ್ ಬಿಚ್ಚಿ ನೋಡುವುದಿಲ್ಲ. ಡೇಟಾಬೇಸ್ ಬಿದ್ದಿದ್ದರೂ ಸರ್ವರ್ ಸರಿಯಿದೆಯೇ ಎಂದು ಆಗಾಗ ವಿಚಾರಿಸುವ ಹೆಲ್ತ್ ಚೆಕ್‌ಗೆ 200 ಸಿಗುವುದರಿಂದ ಅದೇ ಸರ್ವರ್‌ಗೆ ಜನ ಹೋಗುತ್ತಲೇ ಇರುತ್ತಾರೆ. ದೋಷದ ಸಂದೇಶವನ್ನೇ ಕ್ಯಾಶ್ ಸರಿಯಾದ ಉತ್ತರವೆಂದು ಇಟ್ಟುಕೊಂಡು ಹಂಚಬಹುದು. ರಾತ್ರಿ ಪಾಳಿಯ ಎಂಜಿನಿಯರ್‌ಗೆ ಅಲರ್ಟೂ ಹೋಗುವುದಿಲ್ಲ.

ಹಣದ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕೋರಿಕೆಯನ್ನು ಹಿಂದಿನ ಸರ್ವರ್‌ಗೆ ದಾಟಿಸುವ ಗೇಟ್‌ವೇ ಉತ್ತರಕ್ಕೆ ಕಾದು ಕಾದು 504 ಕೊಟ್ಟರೆ ಹಣ ಹೋಗಿಲ್ಲ ಎಂದಲ್ಲ, ಹೋಯಿತೋ ಇಲ್ಲವೋ ಗೊತ್ತಿಲ್ಲ ಎಂದು. ಅದನ್ನು ‘ವಿಫಲ’ ಎಂದು ತೋರಿಸಿದರೆ ಗ್ರಾಹಕರು ಎರಡನೇ ಸಲ ಕಟ್ಟುತ್ತಾರೆ. ಪ್ರತಿ ಪಾವತಿಗೂ ಆ್ಯಪ್ ಒಂದು ವಿಶಿಷ್ಟ ಸಂಖ್ಯೆ ಹಚ್ಚಬೇಕು, ಮರುಯತ್ನದಲ್ಲೂ ಅದೇ ಸಂಖ್ಯೆ ಹೋಗಬೇಕು. ಆಗ ಸರ್ವರ್ ಹೊಸದಾಗಿ ಹಣ ಕಡಿಯದೆ ಹಳೆಯ ಫಲಿತಾಂಶವನ್ನೇ ಕೊಡಬಲ್ಲದು. ಬ್ಯಾಂಕಿನ ಉತ್ತರ ತಡವಾಗುವುದಿದ್ದರೆ 202 (ಕೋರಿಕೆ ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ) ಕೊಟ್ಟು, ಸ್ಥಿತಿ ವಿಚಾರಿಸಲು ಒಂದು ವಿಳಾಸ ಕೊಡುವುದು ಸರಿಯಾದ ದಾರಿ.

ಲಾಗಿನ್ ಅವಧಿ ಮುಗಿದಿದ್ದರೆ 401. ಲಾಗಿನ್ ಇದ್ದೂ ಅನುಮತಿ ಇಲ್ಲದಿದ್ದರೆ 403. ಎರಡನೆಯದಕ್ಕೂ 401 ಕಳಿಸಿದರೆ ಆ್ಯಪ್ ಪದೇ ಪದೇ ಒಟಿಪಿ ಕೇಳುತ್ತದೆ, ಎಷ್ಟು ಸಲ ಕೊಟ್ಟರೂ ಬಾಗಿಲು ತೆರೆಯದು. ಅರ್ಜಿಯಲ್ಲಿ ಪಿನ್‌ಕೋಡ್ ಬಿಟ್ಟುಹೋಗಿದ್ದರೆ 400 ಅಥವಾ 422 ಸಾಕು. ಇಂಥದ್ದಕ್ಕೆ 500 ಕಳಿಸುವುದು ಶುದ್ಧ ಸೋಮಾರಿತನ. ಅದನ್ನು ನಂಬಿದ ಆ್ಯಪ್ ಅದೇ ಅಪೂರ್ಣ ಅರ್ಜಿಯನ್ನು ಮತ್ತೆ ಮತ್ತೆ ಕಳಿಸುತ್ತದೆ.

ಪರೀಕ್ಷಾ ಫಲಿತಾಂಶದ ದಿನದಂಥ ನೂಕುನುಗ್ಗಲಿನಲ್ಲಿ 429 (ಕೋರಿಕೆಗಳು ಮಿತಿಮೀರಿವೆ) ಅಥವಾ 503ರ (ಸೇವೆ ಸದ್ಯಕ್ಕೆ ಇಲ್ಲ) ಜೊತೆ ಹೋಗುವ ‘ರಿಟ್ರೈ-ಆಫ್ಟರ್’ ಎಂಬ ಹೆಡರ್‌ನಲ್ಲಿ, ಅಂದರೆ ಉತ್ತರದ ತಲೆಭಾಗದ ಸಾಲಿನಲ್ಲಿ, ಎಷ್ಟು ಸೆಕೆಂಡು ಕಾಯಬೇಕೆಂದು ತಿಳಿಸಬಹುದು. ಅದಿಲ್ಲದಿದ್ದರೆ ಎಲ್ಲ ಫೋನ್‌ಗಳೂ ಒಟ್ಟಿಗೆ ಮರುಯತ್ನಿಸಿ, ಆಗಷ್ಟೇ ಎದ್ದ ಸರ್ವರನ್ನು ಮತ್ತೆ ಕೆಡವಬಹುದು.

ದೋಷದ ವಿವರವನ್ನು ಕನ್ನಡದಲ್ಲೇ ಬರೆಯಲು ಯಾವ ಅಡ್ಡಿಯೂ ಇಲ್ಲ. 2023ರ ಆರ್‌ಎಫ್‌ಸಿ 9457 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ದೋಷದ ಜೇಸನ್‌ಗೆ ಒಂದು ನಮೂನೆ ಕೊಟ್ಟಿದೆ. ಅದರ ‘ಡೀಟೇಲ್’ ಭಾಗ ಮನುಷ್ಯರು ಓದಲೆಂದೇ ಇರುವುದು.

ಸರ್ಕಾರಿ ಇಲಾಖೆಗಳು ಸೇವೆಯನ್ನು ಗುತ್ತಿಗೆದಾರರಿಂದ ವಹಿಸಿಕೊಳ್ಳುವ ಮುನ್ನ ಅವಧಿ ಮುಗಿದ ಟೋಕನ್ (ಲಾಗಿನ್ ಗುರುತು), ಇಲ್ಲದ ಅರ್ಜಿ ಸಂಖ್ಯೆ, ಖಾಲಿ ನಮೂನೆ ಕಳಿಸಿ, ಡೇಟಾಬೇಸ್ ನಿಲ್ಲಿಸಿ, ಯಾವ ಕೋಡ್ ಬರುತ್ತದೆಂದು ನೋಡಲಿ. ವೆಬ್ ಕೋರಿಕೆ ಕಳಿಸುವ ಕಮಾಂಡ್ ಸಾಧನವಾದ ಕರ್ಲ್‌ನಲ್ಲಿ ಪರೀಕ್ಷಿಸುವವರು ಅದರ ‘--fail’ ಆಯ್ಕೆ ಹಾಕಲು ಮರೆಯಬಾರದು. ಅದಿಲ್ಲದಿದ್ದರೆ 404 (ಕೇಳಿದ್ದು ಸಿಗಲಿಲ್ಲ) ಬಂದರೂ ಕರ್ಲ್ ಯಶಸ್ಸೆಂದೇ ಮುಗಿಸುತ್ತದೆ. ಜಾವಾಸ್ಕ್ರಿಪ್ಟ್ ಕೋಡ್‌ನಿಂದ ಕೋರಿಕೆ ಕಳಿಸುವ ಬ್ರೌಸರ್‌ನ ‘ಫೆಚ್’ ಕೂಡ 404, 500 ಬಂದಾಗ ತಾನಾಗಿ ದೋಷ ಎನ್ನುವುದಿಲ್ಲ, ಸ್ಟೇಟಸ್ ಕೋಡನ್ನು ನಾವೇ ನೋಡಬೇಕು.

– ವೆಬ್ ಸೇವೆಗಳ ತಂತ್ರಜ್ಞರು, ಬೆಂಗಳೂರು